ಬೆನ್ನ ಹಿಂದಿನ ಯಾರ್ಡು

ಗೇಟು ದಾಟುತ್ತಲೇ ಕಿವಿಗೆ ಬಿದ್ದದ್ದು ಟ್ರಾನ್ಸ್‌ಫಾರ್ಮರ್‌ಗಳ ಗುಂಯ್‌ಗುಟ್ಟುವ ಸದ್ದು. ಎಡಕ್ಕೆ ಜಲ್ಲಿ ಹಾಸಿದ ಯಾರ್ಡು, ಬಲಕ್ಕೆ ಕಂಟ್ರೋಲ್ ರೂಮು. ಈ 220 ಕೆ.ವಿ. ಸಬ್‌ಸ್ಟೇಷನ್ನಿಗೆ ಬಂದದ್ದು ಒಂದೇ ಕುತೂಹಲಕ್ಕೆ. ಹೊರಗೆ ಅಷ್ಟಗಲ ಹರಡಿಕೊಂಡದ್ದನ್ನು ಒಳಗೆ ಒಬ್ಬರ ಕೈಗೆ ಎಟುಕುವಂತೆ ಹೇಗೆ ಜೋಡಿಸಿದ್ದಾರೆ?

ಚಪ್ಪಲಿ ಬಿಟ್ಟು ಒಳಗೆ ಹೋದೆ. ಆಳೆತ್ತರ ಮೀರಿದ ಪ್ಯಾನೆಲ್‌ಗಳ ಸಾಲು. ಮೇಲೆ ಮೀಟರು, ಅಲಾರಂ. ಎದೆಮಟ್ಟದಲ್ಲಿ ಬಣ್ಣದ ಗೆರೆ. ಇದೇ ಮಿಮಿಕ್. ಬಸ್, ಐಸೊಲೇಟರ್, ಬ್ರೇಕರ್, ಲೈನು ಹೀಗೆ ಕರೆಂಟ್ ಹರಿಯುವ ದಾರಿಯ ಚಿತ್ರ. ಬ್ರೇಕರ್ ಬರುವ ಜಾಗದಲ್ಲಿ ಗೆರೆಯ ಮೇಲೆಯೇ ಅದರ ಸ್ವಿಚ್ಚು ಕೂತಿದೆ. ಎಡಕ್ಕೆ ತಿರುಗಿಸಿದರೆ ಟ್ರಿಪ್, ಬಲಕ್ಕೆ ಕ್ಲೋಸ್. ಹಸಿರು ದೀಪವೆಂದರೆ ತೆರೆದಿದೆ, ಕೆಂಪೆಂದರೆ ಮುಚ್ಚಿದೆ. ರಸ್ತೆ ಸಿಗ್ನಲ್ಲಿಗೆ ಒಗ್ಗಿದ ನನಗೆ ಇದು ತಿರುವುಮುರುವಾಗಿ ಕಂಡಿತು.

ತುಂಬ ಹಿಡಿಸಿದ್ದು ಐಸೊಲೇಟರ್ ಸೂಚಕ. ದುಂಡನೆಯ ಬಿಲ್ಲೆಯಲ್ಲೊಂದು ಪಟ್ಟಿ. ಐಸೊಲೇಟರ್ ಮುಚ್ಚಿದ್ದರೆ ಪಟ್ಟಿ ಗೆರೆಯೊಡನೆ ಕೂಡಿಕೊಂಡು ದಾರಿ ಒಂದಾಗುತ್ತದೆ; ತೆರೆದರೆ ಅಡ್ಡ ತಿರುಗಿ ದಾರಿ ಕಡಿಯುತ್ತದೆ. ಓದು ಬಾರದವರಿಗೂ ಗೊತ್ತಾಗುವಂಥದ್ದು. ಒಂದು ಮಾತ್ರ ಓರೆಯಾಗಿ ನಿಂತಿತ್ತು. ಕೆಟ್ಟಿದೆಯೇನೋ ಅಂದುಕೊಂಡೆ. ಸೂಚಕಕ್ಕೇ ಸಪ್ಲೈ ಬಾರದಿದ್ದರೆ ಹಾಗೆ ನಿಲ್ಲುವಂತೆ ಮಾಡಿದ್ದಾರಂತೆ. ಸುಳ್ಳು ಹೇಳುವುದಕ್ಕಿಂತ ಏನೂ ಹೇಳದಿರುವುದು ಮೇಲು. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಒಂದು ದೀಪ ಆರಿತು. ಅದರ ಅರ್ಥ ವಾಲ್ವ್ ಮುಚ್ಚಲು ಆದೇಶ ಹೋಗಿದೆ ಎಂದಷ್ಟೇ. ವಾಲ್ವೇ ಮುಚ್ಚಿದೆ ಎಂದು ಆಪರೇಟರ್‌ಗಳು ತಿಳಿದರು; ಅದು ತೆರೆದೇ ಇತ್ತು.

ಕಿಟಕಿಯತ್ತ ತಿರುಗಿದಾಗ ಗಲಿಬಿಲಿಯಾಯಿತು. ಯಾರ್ಡಿನ ಎಡ ತುದಿಯಲ್ಲಿದ್ದದ್ದು ಒಂದನೇ ಟ್ರಾನ್ಸ್‌ಫಾರ್ಮರ್. ಮತ್ತೆ ಪ್ಯಾನೆಲ್ಲಿನ ಕಡೆ ಮುಖ ಮಾಡಿದರೆ ಅದು ನನ್ನ ಬಲಗೈ ದಿಕ್ಕಿಗೆ ಬರಬೇಕು. ಆದರೆ ಅದರ ಪ್ಯಾನೆಲ್ ಇದ್ದದ್ದು ಎಡ ತುದಿಯಲ್ಲಿ! ನಾನೇ ದಿಕ್ಕು ತಪ್ಪಿದೆನೇನೋ ಎಂದು ಎರಡು ಸಲ ತಿರುಗಿ ನೋಡಿದೆ. ಇಲ್ಲ. ಮೇಜಿನ ಮೇಲಿನ ನಕ್ಷೆಯಲ್ಲಿ ಎಡದಿಂದ ಬಲಕ್ಕೆ ಬರೆದಂತೆ ಪ್ಯಾನೆಲ್‌ಗಳನ್ನೂ ನಿಲ್ಲಿಸಿದ್ದಾರೆ. ಯಾರ್ಡು ಬೆನ್ನ ಹಿಂದಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಸಾಲದ್ದಕ್ಕೆ, ಯಾರ್ಡಿನ ನಡುವೆ ಬಂದ ಹೊಸ ಫೀಡರಿನ ಪ್ಯಾನೆಲ್ಲನ್ನು ಜಾಗವಿದ್ದ ಕೊನೆಗೆ ತಳ್ಳಿದ್ದಾರೆ.

"ಗೊಂದಲ ಆಗಲ್ವಾ ಸರ್?" ಎಂದು ಕೇಳಿದೆ.

"ಹೆಸರು ಓದದೆ ಕೈ ಹಾಕೋದೇ ಇಲ್ಲ," ಎಂದರು ಶಿಫ್ಟಿನಲ್ಲಿದ್ದವರು. ಸ್ವಿಚ್ಚಿನ ಮೇಲಿನ ಹೆಸರಿಗೆ ಬೆರಳಿಟ್ಟು ಜೋರಾಗಿ ಓದಿ ತೋರಿಸಿದರು. ಆ ಶಿಸ್ತಿನ ಬಗ್ಗೆ ಗೌರವ ಮೂಡಿತು. ಆದರೂ ಜೋಡಣೆಯ ಕೊರತೆಯನ್ನು ಮನುಷ್ಯನ ಎಚ್ಚರ ದಿನವೂ ತುಂಬಬೇಕಾಗಿರುವುದು ನನಗೆ ಸರಿಕಾಣಲಿಲ್ಲ. 1959ರಲ್ಲಿ ಅಮೆರಿಕದಲ್ಲಿ ನಾಲ್ಕು ಬರ್ನರ್‌ಗಳ ಒಲೆಯ ಮೇಲೆ ಒಂದು ಪ್ರಯೋಗ ನಡೆದಿತ್ತು. ಹಿಂದಿನ ಬರ್ನರ್‌ಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಎಡದಿಂದ ಬಲಕ್ಕೆ ಒಂದೊಂದಕ್ಕೂ ನೇರ ಒಂದೊಂದು ಗುಬುಟು ಇಟ್ಟಾಗ ಗುಬುಟು ಆರಿಸುವಲ್ಲಿ ಯಾರೂ ತಪ್ಪಲಿಲ್ಲ.

ಕಂಟ್ರೋಲ್ ರೂಮಿನ ಮೂಲೆಯ ಕಂಪ್ಯೂಟರಿನಲ್ಲೂ ಮಿಮಿಕ್ಕಿನ ಚಿತ್ರವೇ ಇದೆ. ಅಲ್ಲಿ ಬ್ರೇಕರಿನ ಗುರುತನ್ನೇ ಒತ್ತಿದರಾಯಿತು, ನೋಡುವುದೂ ಮುಟ್ಟುವುದೂ ಒಂದೇ ಕಡೆ.

ಹೊರಡುವಾಗ ಶಿಫ್ಟಿನವರೂ ಯಾರ್ಡಿಗೆ ಬಂದರು. ಒಂದು ಲೈನಿನಲ್ಲಿ ಕೆಲಸವಿತ್ತು, ಅದಕ್ಕೆ ಲೈನ್ ಕ್ಲಿಯರ್, ಅಂದರೆ ಕೆಲಸಕ್ಕೆ ಅನುಮತಿ, ಕೊಡಬೇಕಿತ್ತು. ಒಳಗಿನ ಪಟ್ಟಿ ಅಡ್ಡ ತಿರುಗಿದ್ದನ್ನು ಇಬ್ಬರೂ ನೋಡಿದ್ದೆವು. ಆದರೂ ಅವರು ಐಸೊಲೇಟರಿನ ಕೆಳಗೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ತೆರೆದ ತೋಳುಗಳನ್ನು ಎಣಿಸಿದರು: ಒಂದು, ಎರಡು, ಮೂರು.