ದಾನವೋ, ವ್ಯಾಪಾರವೋ?

ಲಾಭವಿಲ್ಲದೆ ಶೆಟ್ಟಿ ಹೊಳೆಗೆ ಬೀಳನೆಂಬುದು ನಮ್ಮ ಹಿರಿಯರ ಅನುಭವದ ಮಾತು. ಅಪಾರ ವಹಿವಾಟಿನ ಅಮೆರಿಕದ ಸಂಸ್ಥೆಗಳು, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶಗಳಿಗಾಗಿ ಹಣವನ್ನೂ ನಿಪುಣರ ಶ್ರಮವನ್ನೂ ಸುರಿಯುತ್ತಿರುವುದನ್ನು ಕಂಡಾಗ, ಇದು ದಾನವೋ ವ್ಯಾಪಾರವೋ ಎಂಬ ಪ್ರಶ್ನೆಯು ವಿಚಾರವಂತರ ಮನಸ್ಸಿನಲ್ಲಿ ಏಳುವುದು ಸಹಜವಾಗಿದೆ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಎಂಬ ತಂತ್ರಾಂಶದ ಚರಿತ್ರೆಯೇ ಇದಕ್ಕೆ ಉತ್ತರವನ್ನು ಕೊಡಬಲ್ಲುದು. 2001ರ ಒಂದೇ ವರ್ಷದಲ್ಲಿ ಲಿನಕ್ಸಿಗಾಗಿ ನೂರು ಕೋಟಿ ಡಾಲರುಗಳನ್ನು ವ್ಯಯಿಸುವುದಾಗಿ ಐಬಿಎಂ ಸಂಸ್ಥೆಯು ಸಾರಿತು. ಇದಕ್ಕೆ ಕಾರಣವೇನು? ಅದು ಮಾರುತ್ತಿದ್ದುದು ಮುಖ್ಯವಾಗಿ ಗಣಕಯಂತ್ರಗಳನ್ನು ಮತ್ತು ಸೇವೆಯನ್ನು. ಯಂತ್ರವನ್ನು ನಡೆಸುವ ತಂತ್ರಾಂಶವು ಬೆಲೆಯಿಲ್ಲದೆ ದೊರೆತರೆ ಗಿರಾಕಿಯ ಕೈಯಲ್ಲಿ ಉಳಿದ ಹಣವು ಯಂತ್ರಕ್ಕೂ ಸೇವೆಗೂ ಹರಿಯುವುದು. ಮೈಕ್ರೋಸಾಫ್ಟ್, ಸನ್ ಮೊದಲಾದ ಪ್ರತಿಸ್ಪರ್ಧಿಗಳ ಹಿಡಿತವೂ ಸಡಿಲುವುದು. ಗಾಡಿಯನ್ನು ಮಾರುವವನಿಗೆ ರಸ್ತೆಯ ಸುಂಕವು ರದ್ದಾಗುವುದು ಹಿತವೇ ಅಲ್ಲವೆ?

2001ರಲ್ಲಿ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದವರು ಮೈಕ್ರೋಸಾಫ್ಟಿನ ಅಂದಿನ ಮುಖ್ಯಾಧಿಕಾರಿ ಸ್ಟೀವ್ ಬಾಲ್ಮರ್ ಅವರು. 2016ರಲ್ಲಿ ಅದೇ ಸಂಸ್ಥೆಯು ಲಿನಕ್ಸ್ ಪ್ರತಿಷ್ಠಾನದ ಸದಸ್ಯತ್ವವನ್ನು ಪಡೆಯಿತು. ನಡುವೆ ಬದಲಾದುದು ಹೃದಯವಲ್ಲ, ವ್ಯಾಪಾರದ ಸ್ವರೂಪ. ಅದರ ಅಜೂರ್ ಸೇವೆಯ ಬಾಡಿಗೆ ಗಣಕಗಳಲ್ಲಿ ಗಿರಾಕಿಗಳು ಲಿನಕ್ಸನ್ನೂ ಬೇಡುತ್ತಿದ್ದರು.

ಇದರಲ್ಲಿ ನಿಂದಿಸತಕ್ಕುದು ಏನೂ ಇಲ್ಲವೆಂದೇ ನಮ್ಮ ಅಭಿಪ್ರಾಯ. ಸ್ವಾರ್ಥದಿಂದ ತೋಡಿದ ಬಾವಿಯ ನೀರೂ ದಾಹವನ್ನು ತಣಿಸುವುದು. ಗೂಗಲ್ ಸಂಸ್ಥೆಯ ನೋಟೋ ಅಕ್ಷರವಿನ್ಯಾಸದಲ್ಲಿ ಕನ್ನಡವೂ ಸೇರಿದೆ. ಅದನ್ನು ನಮ್ಮ ಯಾವ ಮುದ್ರಕನೂ ಬೆಲೆ ತೆರದೆ ಬಳಸಬಹುದು.

ಆದರೆ ಲಾಭಕ್ಕಾಗಿ ತೆರೆದ ಬಾಗಿಲು ಲಾಭಕ್ಕಾಗಿಯೇ ಮುಚ್ಚಲೂಬಹುದು. 2019ರಲ್ಲಿ ಐಬಿಎಂ 3,400 ಕೋಟಿ ಡಾಲರುಗಳಿಗೆ ಕೊಂಡ ರೆಡ್ ಹ್ಯಾಟ್ ಸಂಸ್ಥೆಯು, 2023ರ ಜೂನಿನಲ್ಲಿ, ತಾನು ಮಾರುವ ಲಿನಕ್ಸಿನ ಯಥಾವತ್ತಾದ ಮೂಲಸಂಕೇತವನ್ನು ಸಾರ್ವಜನಿಕರ ಮುಂದಿಡುವುದನ್ನು ನಿಲ್ಲಿಸಿ ಗಿರಾಕಿಗಳಿಗೆ ಮೀಸಲಿಟ್ಟಿತು. 2024ರ ಮಾರ್ಚಿಯಲ್ಲಿ ರೆಡಿಸ್ ಎಂಬ ಸಂಸ್ಥೆಯು ತನ್ನ ತಂತ್ರಾಂಶದ ಪರವಾನಗಿಯನ್ನು ಬಿಗಿಗೊಳಿಸಿತು. ಆಗ ನಡೆದುದನ್ನು ನಾವು ಮರೆಯಲಾಗದು. ಹಳೆಯ ಪರವಾನಗಿಯಡಿ ಈಗಾಗಲೇ ಕೊಟ್ಟಿದ್ದ ಸಂಕೇತವನ್ನು ಹಿಂದಕ್ಕೆ ಪಡೆಯುವುದು ಆ ಸಂಸ್ಥೆಗೆ ಸಾಧ್ಯವಿರಲಿಲ್ಲ. ಅದನ್ನು ಬಲ್ಲ ನಿಪುಣರು ಕೆಲವೇ ದಿನಗಳಲ್ಲಿ ವಾಲ್ಕೀ ಎಂಬ ಹೆಸರಿನಿಂದ ಅದನ್ನು ಲಿನಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ಮುಂದುವರಿಸಿದರು. 2025ರಲ್ಲಿ ರೆಡಿಸ್ ಸಂಸ್ಥೆಯೇ ಮತ್ತೆ ಮುಕ್ತ ಪರವಾನಗಿಯನ್ನು ನೀಡಿತು.

ಈ ಪ್ರಸಂಗವು ಎರಡು ಸಂಗತಿಗಳನ್ನು ತಿಳಿಸುತ್ತದೆ. ಕೊಟ್ಟವನ ಮನಸ್ಸಿಗಿಂತ ಕೊಟ್ಟ ಪತ್ರದ ಷರತ್ತುಗಳು ಮುಖ್ಯ. ಆ ಪತ್ರದಿಂದ ಬಂದ ಹಕ್ಕು ಎಲ್ಲರದಾದರೂ ಅದನ್ನು ಚಲಾಯಿಸುವ ಶಕ್ತಿಯು ಸಂಕೇತವನ್ನು ಓದಿ ತಿದ್ದಬಲ್ಲವರಿಗೆ ಮಾತ್ರ ಉಂಟು. ಅಲ್ಲಿ ಆ ನಿಪುಣರಲ್ಲಿ ಅನೇಕರು ಅಮೆಜಾನ್, ಗೂಗಲ್ ಮೊದಲಾದ ಸಂಸ್ಥೆಗಳ ಸಂಬಳದಲ್ಲಿಯೇ ಇದ್ದರೆಂಬುದು ಚಿಂತನಾರ್ಹ.

ಭಾರತ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶಗಳಿಗೆ ಆದ್ಯತೆ ಕೊಡುವ ನೀತಿಯನ್ನು ಪ್ರಕಟಿಸಿತು. ಆದ್ಯತೆಯು ಬಳಕೆಯಲ್ಲಿಯೇ ಮುಗಿದರೆ ನಾವು ಪರರ ಬಾವಿಯಲ್ಲಿ ನೀರು ಸೇದುವವರಾಗಿಯೇ ಉಳಿಯುವೆವು. ನಮ್ಮ ವಿದ್ಯಾಲಯಗಳೂ ಕಚೇರಿಗಳೂ ತಾವು ಬಳಸುವ ತಂತ್ರಾಂಶಗಳನ್ನು ಕಾಯ್ದುಕೊಂಡು ಬೆಳೆಸುವ ಕೆಲಸಕ್ಕೂ ಸಂಬಳವನ್ನು ತೆತ್ತು ತರುಣರನ್ನು ನೇಮಿಸತಕ್ಕುದು. ಬಾವಿ ಯಾರು ತೋಡಿದುದೇ ಆಗಲಿ, ಹಗ್ಗವು ನಮ್ಮ ಕೈಯಲ್ಲಿರಬೇಕು.