ಶಿಕ್ಷೆಯ ಮಿತಿ ಮತ್ತು ಮೇಲ್ಮನವಿ: ಕಾಳಿ ಕಣಿವೆಯ ವನ್ಯಜೀವಿ ಅಪರಾಧಗಳ ಹಿನ್ನೆಲೆಯಲ್ಲಿ

ಅಮೆರಿಕದ ಒಕ್ಕೂಟ ನ್ಯಾಯಾಲಯಗಳಲ್ಲಿ 1987ರಿಂದ ಶಿಕ್ಷೆಯ ಪ್ರಮಾಣವನ್ನು ಸೂಚಿಸುವ ಮಾರ್ಗಸೂಚಿಯೊಂದಿದೆ. 2005ರ ಬೂಕರ್ ತೀರ್ಪಿನ ನಂತರ ಅದು ಸಲಹಾರೂಪದ್ದಾಗಿದ್ದು, ಅದನ್ನು ಮೀರಿದ ಶಿಕ್ಷೆ ಸಮಂಜಸವೇ ಎಂಬುದನ್ನು ಮೇಲ್ಮನವಿ ನ್ಯಾಯಾಲಯ ಪರಿಶೀಲಿಸುತ್ತದೆ. ಭಾರತದಲ್ಲಿ ಅಂತಹ ಮಾರ್ಗಸೂಚಿಯಿಲ್ಲ. ಅದನ್ನು ರೂಪಿಸಲು ಶಾಸನಬದ್ಧ ಸಮಿತಿ ಬೇಕೆಂದು ನ್ಯಾಯಮೂರ್ತಿ ವಿ. ಎಸ್. ಮಳಿಮಠ ಸಮಿತಿ 2003ರಲ್ಲಿ ಶಿಫಾರಸು ಮಾಡಿತಾದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ಆದುದರಿಂದ ಇಲ್ಲಿ ಶಿಕ್ಷೆಯನ್ನು ಅಳೆಯುವ ಮಾನದಂಡಗಳು ಮುಖ್ಯವಾಗಿ ಎರಡು: ಶಾಸನ ವಿಧಿಸಿದ ಮಿತಿ, ಆ ಮಿತಿಯೊಳಗೆ ನ್ಯಾಯಾಧೀಶರು ದಾಖಲಿಸಿದ ಕಾರಣ.

ಕಾರಣದ ಮಹತ್ವಕ್ಕೆ ಕರ್ನಾಟಕದ್ದೇ ನಿದರ್ಶನವುಂಟು. ಬಾಲಕಿಯ ಮೇಲಿನ ಅತ್ಯಾಚಾರದ ಪ್ರಕರಣವೊಂದರಲ್ಲಿ ವಿಚಾರಣಾ ನ್ಯಾಯಾಲಯ ವಿಧಿಸಿದ್ದ 10 ವರ್ಷಗಳ ಸಜೆಯನ್ನು ಹೈಕೋರ್ಟು 4 ವರ್ಷಕ್ಕಿಳಿಸಿತ್ತು. ಆ ಇಳಿಕೆಗೆ ನೀಡಿದ ಕಾರಣಗಳು ಸಾಲವೆಂದು 2000ದಲ್ಲಿ ಸುಪ್ರೀಂ ಕೋರ್ಟು 10 ವರ್ಷಗಳ ಸಜೆಯನ್ನೇ ಪುನಃಸ್ಥಾಪಿಸಿತು.

ಕಾರಣ ಹೇಳಿದರೂ ಕನಿಷ್ಠ ಮಿತಿಗಿಂತ ಕೆಳಗಿಳಿಯಲಾಗದ ಶಾಸನವಿದ್ದರೆ? ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. 1956ರ ದಾಂಡೇಲಿ ಅಭಯಾರಣ್ಯ, 1987ರ ಅಣಶಿ ರಾಷ್ಟ್ರೀಯ ಉದ್ಯಾನಗಳು ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದವು. ಅಭಯಾರಣ್ಯದೊಳಗಿನ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಕನಿಷ್ಠ 1 ವರ್ಷದ ಸಜೆಯನ್ನು ಹೇಳುತ್ತಿತ್ತು. 2003ರ ಏಪ್ರಿಲ್‌ನಿಂದ ಕನಿಷ್ಠ 3, ಗರಿಷ್ಠ 7 ವರ್ಷ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಾದರೋ 3 ವರ್ಷಕ್ಕಿಂತ ಹೆಚ್ಚಿನ ಸಜೆ ವಿಧಿಸುವಂತಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದರೆ, ಅಪರಾಧ ಸಾಬೀತಾದ ಬಳಿಕ ಅವರ ಮುಂದೆ ಉಳಿಯುವ ಸಜೆಯ ಅವಧಿ ಒಂದೇ: ಸರಿಯಾಗಿ 3 ವರ್ಷ. ಹೆಚ್ಚು ಬೇಕೆನಿಸಿದರೆ ಪ್ರಕರಣವನ್ನು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಕಡಿಮೆ ಬೇಕೆನಿಸಿದರೆ ದಾರಿಯಿಲ್ಲ. ಹದಿನೆಂಟು ತುಂಬಿದವರಿಗೆ ಸನ್ನಡತೆಯ ಮುಚ್ಚಳಿಕೆಯ ಮೇಲಿನ ಬಿಡುಗಡೆಯನ್ನೂ ಕಾಯ್ದೆ ನಿರಾಕರಿಸಿದೆ. ವಿವೇಚನಾಧಿಕಾರವೆಂಬ ಮಾತು ಇಲ್ಲಿ ಹೆಸರಿಗಷ್ಟೇ ಉಳಿದಿದೆ.

ಸೆಷನ್ಸ್ ನ್ಯಾಯಾಲಯದ ಕೈಯನ್ನೂ ಇದೇ ಕನಿಷ್ಠ ಮಿತಿ ಕಟ್ಟುತ್ತದೆ. ಹೀಗಾಗಿ ಸಜೆ ಕಠೋರವಾಯಿತೆಂಬ ವಾದಕ್ಕೆ ಮೇಲ್ಮನವಿಯಲ್ಲಿ ಫಲವಿಲ್ಲ; ಘಟನೆ ಎಲ್ಲಿ ನಡೆಯಿತೆಂಬ ವಾದಕ್ಕಿದೆ. ಹಳಿಯಾಳದ ಗದ್ದೆಗೆ ನುಗ್ಗುವ ಕಾಡುಹಂದಿ ಪರಮ ರಕ್ಷಣೆಯ ಮೊದಲನೆಯ ಅನುಸೂಚಿಯ ಪ್ರಾಣಿಯಲ್ಲ. ಗಡಿಯ ಹೊರಗೆ ಅದನ್ನು ಕೊಂದದ್ದಕ್ಕೆ ಕನಿಷ್ಠ ಸಜೆಯಿಲ್ಲ, ದಂಡವಷ್ಟೇ ವಿಧಿಸಲೂ ಅವಕಾಶವಿದೆ. ಗಡಿಯೊಳಗಾದರೆ 3 ವರ್ಷ. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮದ ದಡಕ್ಕೂ ಈ ಭೇದ ಅನ್ವಯಿಸುತ್ತದೆ. ದಾಂಡೇಲಿ ಅಭಯಾರಣ್ಯದ ಎಲ್ಲೆ ಒಂದಕ್ಕಿಂತ ಹೆಚ್ಚು ಬಾರಿ ಬದಲಾಗಿರುವುದರಿಂದ ಅಧಿಸೂಚನೆ, ನಕ್ಷೆ ಮತ್ತು ಸ್ಥಳ ಮಹಜರುಗಳೇ ನಿರ್ಣಾಯಕ ಸಾಕ್ಷ್ಯವಾಗುತ್ತವೆ.

ಅಪರಾಧಿಯೇ ಸಲ್ಲಿಸಿದ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. 1973ರ ಸಂಹಿತೆಯ ಈ ರಕ್ಷಣೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿದೆ. ಸೆಷನ್ಸ್ ತೀರ್ಪಿನ ಮರುಪರಿಶೀಲನೆಗೆ ಜೋಯಿಡಾದವರು 2008ರವರೆಗೆ ಬೆಂಗಳೂರಿಗೇ ಹೋಗಬೇಕಿತ್ತು; ಆ ವರ್ಷ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂಗೊಂಡ ಧಾರವಾಡ ಪೀಠವೇ ಈಗ ಅವರ ಹೈಕೋರ್ಟು.