ಪತ್ರಪಾಲಕನ ಶಿಕ್ಷಣ: ಪ್ಯಾರಿಸಿನ ಶಾಲೆಯೂ ನಮ್ಮ ಶಾಸ್ತ್ರಭಂಡಾರಗಳೂ

ಓಲೆಗರಿಯನ್ನು ಓದಬಲ್ಲ ವಿದ್ವಾಂಸನಿಗೆ ನಮ್ಮ ಸಮಾಜದಲ್ಲಿ ಗೌರವವುಂಟು. ಅದನ್ನು ಕಾಯುವವನಿಗೆ ಬೀಗದ ಕೈ ಮಾತ್ರ ಉಂಟು. ಓದುವುದು ವಿದ್ಯೆ, ಕಾಯುವುದು ಊಳಿಗ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಕಾಯುವುದೂ ಒಂದು ವಿದ್ಯೆಯೇ; ಅದಕ್ಕೂ ಗುರುಮುಖದ ಪಾಠ, ಪರೀಕ್ಷೆ, ಪ್ರಬಂಧ, ಪದವಿಗಳು ಬೇಕೆಂದು ಯುರೋಪಿನಲ್ಲಿ ಇನ್ನೂರು ವರ್ಷಗಳ ಹಿಂದೆಯೇ ನಿರ್ಣಯವಾಯಿತು. ಆ ಶಿಕ್ಷಣದ ಸ್ವರೂಪವನ್ನು, ಅದರ ಆದಿಪೀಠವೆನ್ನಬಹುದಾದ ಪ್ಯಾರಿಸಿನ 'ಎಕೋಲ್ ದೆ ಶಾರ್ತ್' ಎಂಬ ಶಾಲೆಯ ನಿದರ್ಶನದಿಂದ ವಿವರಿಸಿ, ಅದರಿಂದ ನಮ್ಮ ಭಂಡಾರಗಳು ಗ್ರಹಿಸಬೇಕಾದುದೇನೆಂದು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಮೂಲದಾಖಲೆಗಳನ್ನಿರಿಸುವ ಸ್ಥಾನವನ್ನು ಪತ್ರಾಗಾರವೆಂದೂ, ಅದರ ಹೊಣೆ ಹೊತ್ತವನನ್ನು ಪತ್ರಪಾಲಕನೆಂದೂ ಇಲ್ಲಿ ಕರೆದಿದೆ.

ಈ ವಿದ್ಯೆ ಹುಟ್ಟಿದುದು ಮಠಗಳಲ್ಲಿ. 1675ರಲ್ಲಿ ಜೆಸೂಯಿಟ್ ಪಂಥದ ಪಂಡಿತನಾದ ಡೇನಿಯಲ್ ಪೇಪೆಬ್ರೋಖ್ ಎಂಬವನು ಬೆನೆಡಿಕ್ಟೈನ್ ಮಠಗಳ ಪ್ರಾಚೀನ ದಾನಪತ್ರಗಳ ಪ್ರಾಮಾಣ್ಯವನ್ನು ಶಂಕಿಸಿದನು. ಬೆನೆಡಿಕ್ಟೈನ್ ಯತಿಯಾದ ಝಾಂ ಮಾಬಿಯೋನನು ಕೋಪದಿಂದ ಖಂಡನೆಗೆ ತೊಡಗದೆ, ಸಹಜಪತ್ರಕ್ಕೂ ಕೂಟಪತ್ರಕ್ಕೂ ಇರುವ ಭೇದವನ್ನರಿಯುವ ಲಕ್ಷಣಗಳನ್ನೇ ಶಾಸ್ತ್ರವಾಗಿ ನಿರೂಪಿಸಿ, 1681ರಲ್ಲಿ 'ದೆ ರೆ ದಿಪ್ಲೊಮಾಟಿಕಾ' ಎಂಬ ಲ್ಯಾಟಿನ್ ಗ್ರಂಥವನ್ನು ಪ್ರಕಟಿಸಿದನು. ಬರೆದ ವಸ್ತು, ಲಿಪಿ, ಭಾಷೆ, ಕಾಲನಿರ್ದೇಶದ ಕ್ರಮ, ಮುದ್ರೆ, ಸಾಕ್ಷಿಗಳ ಅಂಕಿತ ಇವೆಲ್ಲವನ್ನೂ ಕೂಡಿಯೇ ಪರೀಕ್ಷಿಸಬೇಕೆಂಬುದು ಅವನ ಸಿದ್ಧಾಂತ. ಪ್ರತಿವಾದಿಯಾದ ಪೇಪೆಬ್ರೋಖನೇ ಈ ಗ್ರಂಥವನ್ನು ಮೆಚ್ಚಿ ಪತ್ರ ಬರೆದನೆಂಬುದು ವಿದ್ವತ್ಪ್ರಪಂಚದ ಇತಿಹಾಸದಲ್ಲಿ ಸ್ಮರಣೀಯವಾದ ಸಂಗತಿ. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ಸಾಹೇಬರು ವಾದಿಸಿದಾಗ ನಮ್ಮಲ್ಲಿ ಪ್ರಯೋಗಕ್ಕೆ ಬಂದುದೂ ಈ ಜಾತಿಯ ಪರೀಕ್ಷೆಯೇ.

ಮಠದ ವಿದ್ಯೆ ರಾಷ್ಟ್ರದ ವಿದ್ಯೆಯಾದುದು ಒಂದು ವಿಪತ್ತಿನ ಮೂಲಕ. 1789ರ ಮಹಾಕ್ರಾಂತಿಯಲ್ಲಿ ಫ್ರಾನ್ಸಿನ ಮಠಗಳ ಆಸ್ತಿಯೆಲ್ಲ ರಾಷ್ಟ್ರದ ವಶವಾಯಿತು; ಅವುಗಳ ದಾಖಲೆಗಳೂ ಸರಕಾರದ ಉಗ್ರಾಣಗಳಿಗೆ ಬಂದು ಬಿದ್ದುವು. 1794ರ ಶಾಸನವು ಸಾರ್ವಜನಿಕ ಪತ್ರಾಗಾರಗಳಲ್ಲಿ ದಾಖಲೆಗಳನ್ನು ನೋಡುವ ಹಕ್ಕನ್ನು ನಾಗರಿಕರಿಗೆ ಕೊಟ್ಟಿತು. ಆದರೆ ಪ್ರಾಚೀನ ಲಿಪಿಗಳಲ್ಲಿ ಪಳಗಿದ ಯತಿಗಳ ಪರಂಪರೆ ಅಷ್ಟರಲ್ಲಿ ಚದುರಿಹೋಗಿತ್ತು. ಪತ್ರಗಳು ಉಳಿದುವು, ಓದುವವರು ಉಳಿಯಲಿಲ್ಲ. ಈ ಕೊರತೆಯನ್ನು ನೀಗಲೆಂದೇ ಹದಿನೆಂಟನೆಯ ಲೂಯಿ ದೊರೆಯ ಆಜ್ಞೆಯಂತೆ 1821ರ ಫೆಬ್ರವರಿ 22ರಂದು ಈ ಶಾಲೆ ಸ್ಥಾಪಿತವಾಯಿತು. ಮೊದಲ ಪ್ರಯತ್ನ ಕೆಲವೇ ವರ್ಷಗಳಲ್ಲಿ ನಿಂತುಹೋಗಿ, 1829ರಲ್ಲಿ ಪುನರಾರಂಭಗೊಂಡು, 1846ರಲ್ಲಿ ಸ್ಥಿರರೂಪವನ್ನು ತಾಳಿತು. 1850ರಲ್ಲಿ ಜಿಲ್ಲಾ ಪತ್ರಾಗಾರಗಳ ಅಧಿಕಾರವನ್ನು ಈ ಶಾಲೆಯಲ್ಲಿ ಕಲಿತವರಿಗೇ ಮೀಸಲಿರಿಸಿದ ಆಜ್ಞೆ ಹೊರಟಿತು. ಕಲಿತವನಿಗೆ ಸ್ಥಾನವಿಲ್ಲದಿದ್ದರೆ ಕಲಿಕೆ ನಿಲ್ಲದೆಂಬುದನ್ನು ಅವರು ಮೂವತ್ತು ವರ್ಷಗಳ ಅನುಭವದಿಂದ ಅರಿತರು.

ಪಾಠಕ್ರಮದತ್ತ ಗಮನಿಸೋಣ. ಸ್ಪರ್ಧಾಪರೀಕ್ಷೆಯಲ್ಲಿ ಉತ್ತೀರ್ಣರಾದ ಅಲ್ಪಸಂಖ್ಯೆಯ ವಿದ್ಯಾರ್ಥಿಗಳಿಗೆ ಮಾತ್ರ ಪ್ರವೇಶ. ಪ್ರಾಚೀನ ಲಿಪಿಶಾಸ್ತ್ರ, ಮಾಬಿಯೋನನಿಂದ ಬಂದ ಪತ್ರಪರೀಕ್ಷಾಶಾಸ್ತ್ರ, ಮಧ್ಯಯುಗದ ಲ್ಯಾಟಿನ್, ಪ್ರಾಚೀನ ಫ್ರೆಂಚ್ ಮೊದಲಾದ ದೇಶಭಾಷೆಗಳು, ನ್ಯಾಯ ಮತ್ತು ಆಡಳಿತ ಸಂಸ್ಥೆಗಳ ಇತಿಹಾಸ, ಪತ್ರಾಗಾರಗಳ ವರ್ಗೀಕರಣ ಇವು ಬಹುಕಾಲದಿಂದ ನಡೆದುಬಂದ ಮುಖ್ಯ ವಿಷಯಗಳು. ಕೊನೆಯಲ್ಲಿ ಪ್ರತಿಯೊಬ್ಬನೂ ಮೂಲದಾಖಲೆಗಳನ್ನಾಧರಿಸಿ ಸ್ವತಂತ್ರ ಪ್ರಬಂಧವೊಂದನ್ನು ಮಂಡಿಸಿ ಸಮರ್ಥಿಸಬೇಕು. ಆಗ ದೊರೆಯುವ ಬಿರುದು 'ಪತ್ರಪಾಲಕ-ಲಿಪಿಜ್ಞ' ಎಂದು. ಕಾಯುವವನೂ ಓದುವವನೂ ಒಬ್ಬನೇ ಆಗಿರಬೇಕೆಂಬ ಆಶಯ ಆ ಜೋಡುಪದದಲ್ಲಿಯೇ ಅಡಗಿದೆ.

ಆದರೆ ಲಿಪಿಯನ್ನು ಬಲ್ಲಮಾತ್ರಕ್ಕೆ ಪತ್ರಪಾಲಕನಾಗುವುದಿಲ್ಲ. 1841ರಲ್ಲಿ ನತಾಲಿ ದ ವಾಯಿ ಎಂಬ ವಿದ್ವಾಂಸನು ರಚಿಸಿದ ಸರಕಾರೀ ಸುತ್ತೋಲೆಯೊಂದು ಈ ವಿದ್ಯೆಗೆ ಅದರ ಮೂಲಸೂತ್ರವನ್ನಿತ್ತಿತು. ಒಂದು ಸಂಸ್ಥೆಯಿಂದ, ಒಂದು ಮನೆತನದಿಂದ ಅಥವಾ ಒಬ್ಬ ವ್ಯಕ್ತಿಯಿಂದ ಬಂದ ಪತ್ರಗಳನ್ನು ಒಂದೇ ಸಮೂಹವಾಗಿ ಇರಿಸಬೇಕು; ವಿಷಯಾನುಸಾರವಾಗಿ ಒಡೆದು ಬೇರೆಯವುಗಳೊಡನೆ ಬೆರೆಸಕೂಡದು ಎಂಬುದೇ ಆ ಸೂತ್ರ. ಪತ್ರದ ಅರ್ಥ ಅದರ ಅಕ್ಷರಗಳಲ್ಲಿ ಮಾತ್ರವಿಲ್ಲ. ಅದು ಯಾವುದರ ಪಕ್ಕದಲ್ಲಿತ್ತು, ಯಾರ ಕೈಯಿಂದ ಬಂದಿತು ಎಂಬುದರಲ್ಲಿಯೂ ಇದೆ. ಅಕ್ಷರ ಮಾಸಿದರೂ ಒಮ್ಮೊಮ್ಮೆ ಇನ್ನೊಂದು ಪ್ರತಿಯಿಂದ ತುಂಬಿಕೊಳ್ಳಬಹುದು. ಕಳಚಿಹೋದ ಸಂಬಂಧವನ್ನು ಯಾವ ಪ್ರತಿಯಿಂದಲೂ ತುಂಬಲಾಗದು. ಇಂಗ್ಲೆಂಡಿನ ಹಿಲರಿ ಜೆಂಕಿನ್ಸನ್ನರು 1922ರ ತಮ್ಮ ಕೈಪಿಡಿಯಲ್ಲಿ ಪತ್ರಪಾಲಕನ ಕರ್ತವ್ಯವನ್ನು ಭೌತಿಕ ರಕ್ಷಣೆ, ನೈತಿಕ ರಕ್ಷಣೆ ಎಂದು ಎರಡಾಗಿ ವಿಂಗಡಿಸಿದರು. ಹುಳು, ತೇವ, ಬೆಂಕಿಗಳಿಂದ ಕಾಯುವುದು ಮೊದಲನೆಯದು. ಪತ್ರದ ಸಾಕ್ಷ್ಯಬಲ ಕೆಡದಂತೆ ಕಾಯುವುದು ಎರಡನೆಯದು.

ಈ ಶಿಕ್ಷಣ ನಿಜವಾದ ಪರೀಕ್ಷೆಗೆ ಒಳಗಾದುದು ಪಾಠಶಾಲೆಯ ಹೊರಗೆ. 1894ರಲ್ಲಿ ಆಲ್‌ಫ್ರೆಡ್ ಡ್ರೇಫಸ್ ಎಂಬ ಯೆಹೂದಿ ಸೇನಾಧಿಕಾರಿಯನ್ನು, ಒಂದು ಗುಪ್ತಪತ್ರ ಅವನ ಕೈಬರಹವೆಂಬ ಆಧಾರದ ಮೇಲೆ, ದೇಶದ್ರೋಹಿಯೆಂದು ಶಿಕ್ಷಿಸಿ ದೂರದ ದ್ವೀಪಕ್ಕೆ ಕಳುಹಿದರು. 1898ರ ಫೆಬ್ರವರಿಯಲ್ಲಿ, ಅವನ ಪರವಾಗಿ ಲೇಖನಿ ಹಿಡಿದ ಎಮಿಲ್ ಜೋಲಾನ ಮೇಲೆ ಮೊಕದ್ದಮೆ ನಡೆದಾಗ, ಶಾಲೆಯ ನಿರ್ದೇಶಕ ಪೋಲ್ ಮೇಯರ್, ಪ್ರಾಧ್ಯಾಪಕರಾದ ಆರ್ತೂರ್ ಝಿರಿ ಮತ್ತು ಓಗುಸ್ತ್ ಮೋಲಿನಿಯೇ ಸಾಕ್ಷಿಗಳಾಗಿ ನಿಂತು, ಆ ಬರಹ ಡ್ರೇಫಸನದಲ್ಲ, ಎಸ್ತರಾಜಿ ಎಂಬ ಇನ್ನೊಬ್ಬ ಅಧಿಕಾರಿಯದೆಂದು ಸಾರಿದರು. ಅದೇ ಶಾಲೆಯಿಂದ ಬಂದ ಬೇರೆ ಕೆಲವರು ಅವರನ್ನು ವಿರೋಧಿಸಿದರೆಂಬುದನ್ನೂ ಮರೆಯಲಾಗದು. 1906ರಲ್ಲಿ ಡ್ರೇಫಸ್ ನಿರ್ದೋಷಿಯೆಂದು ಅಂತಿಮವಾಗಿ ತೀರ್ಪಾಯಿತು. ಶತಮಾನಗಳ ಹಿಂದಿನ ದಾನಪತ್ರಗಳ ಮೇಲೆ ಅಭ್ಯಾಸಮಾಡಿದ ಕಣ್ಣು ಜೀವಂತ ಮನುಷ್ಯನೊಬ್ಬನ ಮಾನರಕ್ಷಣೆಗೆ ಒದಗಿತು. ಜನಾಭಿಪ್ರಾಯ ಏನೇ ಇರಲಿ, ಪತ್ರ ಹೇಳುವುದನ್ನಷ್ಟೇ ಹೇಳಬೇಕೆಂಬ ಸಂಯಮ ಈ ವಿದ್ಯೆಯ ಪರಮಫಲ.

ಕಾಲಕ್ರಮದಲ್ಲಿ ಈ ಪದ್ಧತಿ ಇತರ ದೇಶಗಳಿಗೂ ಹಬ್ಬಿತು. ವಿಯೆನ್ನಾದಲ್ಲಿ 1854ರಲ್ಲಿ ಸ್ಥಾಪಿತವಾದ ಇತಿಹಾಸ ಸಂಶೋಧನ ಸಂಸ್ಥೆ ಪತ್ರಪಾಲಕರ ಶಿಕ್ಷಣಕ್ಕೆ ಪ್ರಸಿದ್ಧವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1947ರಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಆರಂಭವಾದಾಗ ಪ್ರಾರಂಭೋಪನ್ಯಾಸ ಮಾಡಿದವರು ಜೆಂಕಿನ್ಸನ್ನರೇ. ಜರ್ಮನಿಯ ಮಾರ್ಬುರ್ಗಿನಲ್ಲಿ 1949ರಲ್ಲಿ ಪತ್ರಾಗಾರಶಾಲೆ ತೆರೆಯಿತು. ನಮ್ಮ ದೇಶದಲ್ಲಿ, 1891ರಲ್ಲಿ ಕಲಕತ್ತೆಯಲ್ಲಿ ಹುಟ್ಟಿ ದಿಲ್ಲಿಗೆ ಬಂದ ರಾಷ್ಟ್ರೀಯ ಪತ್ರಾಗಾರವು 1976ರಲ್ಲಿ ತರಬೇತಿ ಸಂಸ್ಥೆಯೊಂದನ್ನು ಸ್ಥಾಪಿಸಿತು. 1980ರಿಂದ ಅದಕ್ಕೆ ಪತ್ರಾಗಾರ ಅಧ್ಯಯನಶಾಲೆ ಎಂದು ಹೆಸರು. ಒಂದು ವರ್ಷದ ಡಿಪ್ಲೊಮಾ ಶಿಕ್ಷಣದೊಡನೆ ಗ್ರಂಥ ಹಾಗೂ ಹಸ್ತಪ್ರತಿಗಳ ಸಂರಕ್ಷಣೆಯಲ್ಲಿ ಅಲ್ಪಾವಧಿಯ ಶಿಕ್ಷಣವನ್ನೂ ಅದು ನೀಡುತ್ತ ಬಂದಿದೆ. ಕರ್ನಾಟಕದಲ್ಲಿ 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹಸ್ತಪ್ರತಿಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವನ್ನೇ ಇರಿಸಿಕೊಂಡಿದೆ.

ಶಾಸ್ತ್ರಭಂಡಾರವು ಸರಕಾರದ ದಫ್ತರಖಾನೆಯಲ್ಲ. ಅಲ್ಲಿರುವುದು ಆಡಳಿತದ ಪತ್ರಗಳಲ್ಲ, ಗ್ರಂಥಗಳು. ಆದುದರಿಂದ ಈ ಸೂತ್ರಗಳು ಅಲ್ಲಿಗೆ ಸಲ್ಲವು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಅರ್ಧಸತ್ಯವಿದೆ. ಗ್ರಂಥಕ್ಕೆ ಪ್ರತ್ಯಂತರಗಳಿರಬಹುದು, ನಿಜ. ಆದರೆ ಒಂದೊಂದು ಪ್ರತಿಯೂ ಒಂದೊಂದು ಶಾಸ್ತ್ರದಾನದ ಸಾಕ್ಷಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಯಿಸಿದಳೆಂದು ನಾವು ಕೊಂಡಾಡುತ್ತೇವೆ; ಅವಳಂತೆ ಬರೆಯಿಸಿದ ಹೆಸರಿಲ್ಲದ ಎಷ್ಟೋ ಶ್ರಾವಕ ಶ್ರಾವಿಕೆಯರ ಸುಳಿವು ಇರುವುದು ಪ್ರತಿಯ ಕೊನೆಯ ಗರಿಯಲ್ಲಿ, ಕಟ್ಟಿದ ಬಟ್ಟೆಯಲ್ಲಿ, ಒಂದೇ ಕಟ್ಟಿನೊಳಗೆ ಕೂಡಿಬಂದ ಕೃತಿಗಳ ಸಾಹಚರ್ಯದಲ್ಲಿ. ನೋಂಪಿಯ ಕಥೆ, ಆರಾಧನೆ, ವೈದ್ಯ ಈ ಮೂರೂ ಇರುವ ಕಟ್ಟನ್ನು ಸೂಚಿಕಾರನು ವಿಷಯಾನುಸಾರ ಬಿಚ್ಚಿ ಮೂರು ಕಪಾಟುಗಳಿಗೆ ಹಂಚಿದರೆ, ಗ್ರಂಥ ಮೂರೂ ಉಳಿದುವು. ಅವನ್ನು ಒಟ್ಟಿಗೆ ಓದುತ್ತಿದ್ದ ಮನೆಯೊಂದು ಅಳಿಯಿತು.

ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ವೃತ್ತಾಂತ ನಮ್ಮ ವಾಚಕರಿಗೆ ತಿಳಿದುದೇ. ಡಾ. ಹೀರಾಲಾಲ್ ಜೈನರು 1939ರಲ್ಲಿ ಷಟ್ಖಂಡಾಗಮದ ಪ್ರಥಮ ಸಂಪುಟವನ್ನು ಪ್ರಕಟಿಸಿದ ಬಳಿಕ, 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಇರಬೇಕೇ ಬೇಡವೇ ಎಂದು ದೊಡ್ಡ ವಿವಾದವೆದ್ದಿತು. ನಂತರದ ನಕಲುಗಳಿಂದ ಅದು ಬಗೆಹರಿಯುವಂತಿರಲಿಲ್ಲ. ಹಳಗನ್ನಡ ಲಿಪಿಯ ತಾಡಪತ್ರವನ್ನೇ ನೋಡಬೇಕಾಯಿತು. ಅಲ್ಲಿ ಆ ಪದವಿದ್ದುದು ಕಂಡುಬಂದಿತು. ಅದರ ಅರ್ಥನಿರ್ಣಯ ಸಿದ್ಧಾಂತಜ್ಞರಿಗೆ ಸೇರಿದುದು. ಅದರಲ್ಲಿ ಪ್ರವೇಶಿಸುವುದು ಇಲ್ಲಿ ಉದ್ದಿಷ್ಟವಲ್ಲ. ಆದರೆ ಶತಮಾನಗಳುದ್ದಕ್ಕೂ ಆ ಗರಿಗಳನ್ನು ಕಾಪಾಡಿದವರಿಗೆ ಮುಂದೊಂದು ದಿನ ಒಂದೇ ಪದಕ್ಕಾಗಿ ಅವನ್ನು ತೆರೆಯಬೇಕಾದೀತೆಂದು ತಿಳಿದಿರಲಿಲ್ಲ. ಯಾವ ಪ್ರಶ್ನೆ ಬರುವುದೋ ತಿಳಿಯದೆಯೇ ಉತ್ತರವನ್ನು ಕಾಯುವುದು ಪತ್ರಪಾಲಕನ ಧರ್ಮ. ತಿಳಿಯದುದರಿಂದಲೇ ಅವನು ಯಾವುದನ್ನೂ ಕೆಡಿಸಕೂಡದು, ಕಳೆಯಕೂಡದು.

ಶ್ರುತಪಂಚಮಿಯಂದು ಭಂಡಾರವನ್ನು ತೆರೆದು ಶಾಸ್ತ್ರಗಳನ್ನು ಪೂಜಿಸುವ ಪದ್ಧತಿ ನಮ್ಮಲ್ಲಿದೆ. ಹಳೆಯ ಬಟ್ಟೆಯನ್ನು ತೆಗೆದು ಹೊಸದನ್ನು ಸುತ್ತುವ ಮುನ್ನ, ಯಾವ ಕಟ್ಟು ಎಲ್ಲಿತ್ತು, ಯಾವುದರೊಡನಿತ್ತು, ಬಟ್ಟೆಯ ಮೇಲೆ ಏನು ಬರೆದಿತ್ತು, ಎಷ್ಟು ಗರಿಗಳಿದ್ದುವು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದಾದರೆ ಈ ಶಿಕ್ಷಣದ ಮೊದಲ ಪಾಠ ಆದಂತೆಯೇ. ಉಳಿದ ಪಾಠಗಳಿಗಾಗಿ ಪ್ರತಿಯೊಂದು ದೊಡ್ಡ ಭಂಡಾರವೂ ಪ್ರಾಕೃತ, ಸಂಸ್ಕೃತ, ಹಳಗನ್ನಡಗಳನ್ನು ಬಲ್ಲ ತರುಣನೊಬ್ಬನನ್ನು ಆರಿಸಿ ಶಿಕ್ಷಣಕ್ಕೆ ಕಳುಹಿಸಿ, ಹಿಂದಿರುಗಿದ ಮೇಲೆ ಅವನಿಗೆ ಸ್ಥಾನವನ್ನೂ ಜೀವನೋಪಾಯವನ್ನೂ ಕಲ್ಪಿಸಬೇಕು. ಫ್ರಾನ್ಸಿನಲ್ಲಿ ಓದುವವರ ಪರಂಪರೆ ಕಡಿದುಹೋದ ಮೇಲೆ ಶಾಲೆ ಹುಟ್ಟಿತು. ನಮ್ಮಲ್ಲಿ ಹಳೆಯ ಲಿಪಿಯನ್ನು ನಿರರ್ಗಳವಾಗಿ ಓದಬಲ್ಲವರು ಇನ್ನೂ ಕೆಲವರಿದ್ದಾರೆ. ಅವರು ಇರುವಾಗಲೇ ಈ ಕಾರ್ಯ ನಡೆಯಲೆಂದು ವಿದ್ವಜ್ಜನರಲ್ಲಿ ವಿನಂತಿ.